ಕಡಿಮೆ ಖರ್ಚಿನ ಹವಳದ ತೊಟ್ಟಿ

ಬೆಂಗಳೂರಿನ ಬಸವನಗುಡಿ ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಪೂರ್ವಕ್ಕೆ ಹೋದರೂ ಪಶ್ಚಿಮಕ್ಕೆ ಹೋದರೂ ಕಡಲು ಸಿಗಬೇಕಾದರೆ ರಸ್ತೆಯಲ್ಲಿ ಮುನ್ನೂರೈವತ್ತು ಕಿಲೋಮೀಟರಿನಷ್ಟು ದಾರಿ ಸವೆಸಬೇಕು. ಇಂಥ ಕಡೆ ಮನೆಯೊಳಗೆ ಜೀವಂತ ಹವಳ ಸಾಕಬೇಕೆಂದರೆ ನಾಲ್ಕು ಸಂಗತಿಗಳು ಕೂಡಿಬರಬೇಕು: ಶುದ್ಧವಾದ ಉಪ್ಪುನೀರು, ತಕ್ಕ ಬೆಳಕು, ನೀರಿನ ಓಟ, ಕೊಳೆಯನ್ನು ಅರಗಿಸುವ ಬ್ಯಾಕ್ಟೀರಿಯಾ. ಮೊದಲ ಮೂರನ್ನು ದುಡ್ಡು ಕೊಟ್ಟು ತರಬಹುದು. ನಾಲ್ಕನೆಯದು ತೊಟ್ಟಿಯಲ್ಲೇ ಬೆಳೆಯಬೇಕು. ಅದಕ್ಕೆ ಒಂದೂವರೆ ತಿಂಗಳಿನಷ್ಟು ಹಿಡಿಯುತ್ತದೆ. ಹವಳದ ತೊಟ್ಟಿಗೆ ಅತಿ ಹೆಚ್ಚು ಹಣ ಸುರಿಯುವವರು ಈ ಒಂದೂವರೆ ತಿಂಗಳು ಕಾಯಲು ಒಲ್ಲದವರು.

ಹವಳ ಸಾಕಲು ಯಂತ್ರಗಳ ದೊಡ್ಡ ಸಾಲೇ ಬೇಕೆಂಬ ನಂಬಿಕೆ ಇದೆ. ನೀರನ್ನು ತಂಪು ಮಾಡುವ ಚಿಲ್ಲರ್, ನೊರೆಯೆಬ್ಬಿಸಿ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರ್, ಹನಿಹನಿಯಾಗಿ ಕ್ಯಾಲ್ಸಿಯಂ ಬಿಡುವ ಡೋಸಿಂಗ್ ಪಂಪು ಇವೆಲ್ಲ ದೊಡ್ಡ ತೊಟ್ಟಿಗೆ, ಅದರಲ್ಲೂ ಕಲ್ಲು ಹವಳಗಳ ತೊಟ್ಟಿಗೆ, ಬೇಕಾಗುವುದು ನಿಜ. ಆದರೆ ಜಕಾರ್ತದ ಲೀ ಚಿನ್ ಎಂಗ್ 1961ರಲ್ಲಿ ಅಮೆರಿಕದ ಮೀನು ಹವ್ಯಾಸಿಗಳ ಪತ್ರಿಕೆಯೊಂದರಲ್ಲಿ ತಮ್ಮ ವಿಧಾನವನ್ನು ವಿವರಿಸಿದಾಗ ಅವರ ಬಳಿ ಇವ್ಯಾವುವೂ ಇರಲಿಲ್ಲ. ಕಡಲ ನೀರು, ಜೀವಾಣುಗಳು ತುಂಬಿದ ಬಂಡೆಯ ತುಂಡುಗಳು, ಬಿಸಿಲು, ಗಾಳಿಗುಳ್ಳೆ ಬಿಡುವ ಒಂದು ಕೊಳವೆ, ಇಷ್ಟರಲ್ಲೇ ಅವರ ಹವಳಗಳು ಬದುಕಿದ್ದವು. ಅವರಿಗೆ ಕಡಲು ಕೈಯಳತೆಯಲ್ಲಿತ್ತು. ಬೆಂಗಳೂರಿನವರಿಗೆ ಆ ಅನುಕೂಲ ಇಲ್ಲದಿದ್ದರೂ, ಕಲ್ಲಿನ ಮೇಲಿನ ಬ್ಯಾಕ್ಟೀರಿಯಾಗಳಿಂದಲೇ ನೀರನ್ನು ಶುದ್ಧ ಮಾಡಿಸುವ ಆ ಉಪಾಯ ಇಲ್ಲಿಯೂ ನಡೆಯುತ್ತದೆ.

ತೊಟ್ಟಿ ಚಿಕ್ಕದಾದಷ್ಟೂ ಅಗ್ಗ, ಚಿಕ್ಕದಾದಷ್ಟೂ ಅಪಾಯ. ಹದಿನೈದು ಲೀಟರಿನ ಗಾಜಿನ ಪೆಟ್ಟಿಗೆಯಲ್ಲಿ ಒಂದು ಬಸವನಹುಳು ಸತ್ತು ಕೊಳೆತರೂ ನೀರೆಲ್ಲ ಕೆಡುತ್ತದೆ. ಒಂದು ದಿನ ನೀರು ಆವಿಯಾದರೆ ಉಪ್ಪಿನ ಪ್ರಮಾಣ ಏರುಪೇರಾಗುತ್ತದೆ. ಹೊಸಬರಿಗೆ ಎರಡಡಿ ಉದ್ದ, ಒಂದಡಿ ಅಗಲ, ಒಂದೂಕಾಲು ಅಡಿ ಎತ್ತರದ ತೊಟ್ಟಿ ಹಿತವಾದ ಅಳತೆ. ಅಂಚಿನವರೆಗೆ ತುಂಬಿದರೆ ಅದಕ್ಕೆ 70 ಲೀಟರ್ ಹಿಡಿಯುತ್ತದೆ. ಮೇಲೆ ಬಿಡುವ ಜಾಗ, ಒಳಗಿಡುವ ಕಲ್ಲು ಕಳೆದರೆ ಉಳಿಯುವ ನೀರು 55 ಲೀಟರಿನ ಆಸುಪಾಸು. ಇಲ್ಲಿಂದ ಮುಂದಿನ ಲೆಕ್ಕಗಳೆಲ್ಲ ಈ 55 ಲೀಟರಿಗೇ. ಸಿಹಿನೀರಿನ ಬಣ್ಣದ ಮೀನಿಗೆ ಮಾಡುವ ಮಾಮೂಲಿ ಗಾಜಿನ ತೊಟ್ಟಿಯೇ ಇದಕ್ಕೂ ಆದೀತು. ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಸುತ್ತಮುತ್ತ, ನಗರದ ಬೇರೆ ಅಕ್ವೇರಿಯಂ ಅಂಗಡಿಗಳಲ್ಲಿ ಅಳತೆ ಕೊಟ್ಟರೆ ಗಾಜು ಕತ್ತರಿಸಿ ಸಿಲಿಕೋನ್ ಅಂಟಿಸಿ ಕೊಡುತ್ತಾರೆ. ಹೊಸ ಸಿಲಿಕೋನಿನ ವಿನೆಗರ್ ವಾಸನೆ ಪೂರ್ತಿ ಹೋಗುವವರೆಗೆ ನೀರು ತುಂಬಬಾರದು.

ನೀರು, ಕಲ್ಲು, ಗಾಜು ಎಲ್ಲ ಸೇರಿ ತೊಟ್ಟಿಯ ಭಾರ ಎಂಬತ್ತು ಕಿಲೋ ದಾಟುತ್ತದೆ. ಪ್ಲೈವುಡ್ಡಿನ ಟೀವಿ ಸ್ಟ್ಯಾಂಡು ಇದಕ್ಕೆ ತಡೆಯುವುದಿಲ್ಲ. ಹಳೆಯ ಬಸವನಗುಡಿ, ಚಾಮರಾಜಪೇಟೆಯ ಮನೆಗಳಲ್ಲಿ ಗೋಡೆಗೆ ಹುಗಿದ ಕಡಪ ಕಲ್ಲಿನ ಕಟ್ಟೆಯೊಂದು ಇದ್ದೇ ಇರುತ್ತದೆ. ಕೆಳಗೆ ಇಟ್ಟಿಗೆಯ ಆಸರೆಯಿದ್ದರೆ ಅದಕ್ಕಿಂತ ಗಟ್ಟಿಯಾದ ಪೀಠ ಬೇರೆ ಬೇಡ. ಕಲ್ಲಿಗೂ ಗಾಜಿಗೂ ನಡುವೆ ಒಂದು ಥರ್ಮೋಕೋಲ್ ಹಾಳೆ ಹಾಸಬೇಕು. ಕಲ್ಲಿನ ಸಣ್ಣ ಉಬ್ಬೂ ತಳದ ಗಾಜನ್ನು ಸೀಳಬಲ್ಲದು. ಕಿಟಕಿಯ ಪಕ್ಕ ಬೇಡ. ಬಿಸಿಲು ನೀರನ್ನು ಕಾಯಿಸುತ್ತದೆ, ಪಾಚಿಯನ್ನು ಕೊಬ್ಬಿಸುತ್ತದೆ. ಉಪ್ಪುನೀರಿನ ಸಿಂಚನ ಸುತ್ತಲ ಒಂದಡಿಯಷ್ಟು ಜಾಗಕ್ಕೆ ಹಾರುತ್ತಿರುತ್ತದೆ. ಹಳೆಯ ಮನೆಯ ರೆಡ್‌ಆಕ್ಸೈಡ್ ನೆಲ ಬೆಳ್ಳಗೆ ಕಲೆಗಟ್ಟುತ್ತದೆ, ಕಿಟಕಿಯ ಸರಳು ತುಕ್ಕು ಹಿಡಿಯುತ್ತದೆ. ಪೂಜೆಯ ಪಾತ್ರೆಗಳಿಂದಲೂ ತೊಟ್ಟಿಯನ್ನು ದೂರವಿಡಬೇಕು. ಹವಳ, ಸೀಗಡಿ, ಬಸವನಹುಳುಗಳಿಗೆ ತಾಮ್ರ ವಿಷ. ತಾಮ್ರದ ಬಿಂದಿಗೆಯಲ್ಲಿ ತುಂಬಿಟ್ಟ ನೀರನ್ನು, ಹಿತ್ತಾಳೆ ನಲ್ಲಿಯ ಕೆಳಗೆ ಹಿಡಿದ ನೀರನ್ನು ಇದಕ್ಕೆ ಬಳಸುವಂತಿಲ್ಲ.

ಹವೆಯ ವಿಷಯದಲ್ಲಿ ಬೆಂಗಳೂರಿನವರು ಅದೃಷ್ಟವಂತರು. ಹವಳಕ್ಕೆ ಒಗ್ಗುವ ಬಿಸಿ 24ರಿಂದ 27 ಡಿಗ್ರಿ ಸೆಲ್ಸಿಯಸ್. ಚೆನ್ನೈಯಲ್ಲೋ ಮಂಗಳೂರಿನಲ್ಲೋ ಇದನ್ನು ಕಾಯ್ದುಕೊಳ್ಳಲು ವರ್ಷದ ಬಹುಪಾಲು ಚಿಲ್ಲರ್ ಓಡಬೇಕು. ಈ ಹವ್ಯಾಸದ ಅತಿ ದುಬಾರಿ ಯಂತ್ರ ಅದೇ, ಕರೆಂಟು ತಿನ್ನುವುದೂ ಅದೇ. ಬಸವನಗುಡಿಯಲ್ಲಿ ಅದರ ಕೆಲಸವನ್ನು ಮಾರ್ಚ್, ಏಪ್ರಿಲ್, ಮೇ ತಿಂಗಳಲ್ಲಿ ಒಂದು ಪುಟ್ಟ ಫ್ಯಾನು ಮಾಡಿಬಿಡುತ್ತದೆ. ಎಸ್.ಪಿ. ರಸ್ತೆಯಲ್ಲಿ ಸಿಗುವ, ಕಂಪ್ಯೂಟರಿನೊಳಗೆ ಕೂರಿಸುವ ಹನ್ನೆರಡು ವೋಲ್ಟಿನ ಫ್ಯಾನನ್ನು ನೀರಿನ ಮೇಲ್ಮೈಗೆ ಓರೆಯಾಗಿ ಗಾಳಿ ಬೀಸುವಂತೆ ಕಟ್ಟಿದರೆ ನೀರು ಎರಡು ಮೂರು ಡಿಗ್ರಿ ತಣಿಯುತ್ತದೆ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು ಮುಕ್ಕಾಲು ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವನ್ನು ತನ್ನೊಡನೆ ಒಯ್ಯುತ್ತದೆ. ಇಲ್ಲಿಯ ಬೇಸಿಗೆಯ ಗಾಳಿ ಒಣಗಿರುವುದರಿಂದ ಆವಿಯಾಗುವುದೂ ಬೇಗ. ಕರಾವಳಿಯ ಜಿಗುಟು ಹವೆಯಲ್ಲಿ ಈ ಫ್ಯಾನಿನ ಉಪಾಯ ಅರೆಬರೆ ಕೆಲಸ ಮಾಡುತ್ತದೆ. ಡಿಸೆಂಬರ್, ಜನವರಿಯಲ್ಲಿ ಉಲ್ಟಾ ತೊಂದರೆ. ರಾತ್ರಿ ಹೊರಗೆ 16 ಡಿಗ್ರಿಗೆ ಇಳಿದಾಗ ತೊಟ್ಟಿಗೆ 75 ವ್ಯಾಟಿನ ಹೀಟರ್ ಬೇಕಾಗುತ್ತದೆ. ನೀರು ಹಲವು ದಿನ 30 ಡಿಗ್ರಿಯ ಮೇಲೆ ನಿಂತರೆ ಹವಳ ತನ್ನ ಮೈಯೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. 1998ರಲ್ಲಿ ಲಕ್ಷದ್ವೀಪದ ಹವಳದ ದಿಬ್ಬಗಳು ಹೀಗೆಯೇ ಬಿಳಿಚಿ, ದೊಡ್ಡ ಪ್ರಮಾಣದಲ್ಲಿ ಸತ್ತವು.

ಎತ್ತರಕ್ಕೆ ತೆರಬೇಕಾದ ಸುಂಕವೂ ಒಂದಿದೆ. ಇಲ್ಲಿಯ ವಾಯುಭಾರ ಕಡಲತೀರದ ಶೇ. 90ರಷ್ಟು ಮಾತ್ರ. ತೀರದಲ್ಲಿ 25 ಡಿಗ್ರಿಯ ಉಪ್ಪುನೀರು ಲೀಟರಿಗೆ 6.7 ಮಿಲಿಗ್ರಾಂನಷ್ಟು ಆಮ್ಲಜನಕ ಹಿಡಿದಿಟ್ಟುಕೊಂಡರೆ ಬೆಂಗಳೂರಿನಲ್ಲಿ ಹಿಡಿಯುವುದು 6ರ ಹತ್ತಿರ. ಹಾಗಾಗಿ ಇಲ್ಲಿ ಮೀನುಗಳ ಸಂಖ್ಯೆ ಕಡಿಮೆ ಇರಬೇಕು, ನೀರಿನ ಮೇಲ್ಮೈ ಸದಾ ಕದಡುತ್ತಿರಬೇಕು, ಗಾಜಿನ ಮುಚ್ಚಳದ ಬದಲು ಬಲೆ ಹೊದಿಸಬೇಕು.

ಇನ್ನು ನೀರು. ನಲ್ಲಿಗೆ ಬರುವ ಕಾವೇರಿ ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ಪಂಪಾಗಿ ಬಂದದ್ದು. ಕುಡಿಯಲು ಅದು ಒಳ್ಳೆಯ ನೀರೇ. ಆದರೆ ಅದರಲ್ಲಿ ಕ್ಲೋರಿನ್ ಇದೆ, ಕರಗಿದ ಲವಣಗಳಿವೆ. ಬೋರ್‌ವೆಲ್ ನೀರಿನಲ್ಲಿ ಗಡಸುತನ ಇನ್ನೂ ಹೆಚ್ಚು, ಅನೇಕ ಕಡೆ ನೈಟ್ರೇಟೂ ಹೆಚ್ಚು. ಸಮುದ್ರದ ಉಪ್ಪಿನ ಹದ ಕೂಡಬೇಕಾದರೆ ಶುರುವಿಗೆ ಏನೂ ಇಲ್ಲದ ನೀರು ಬೇಕು. ಮನೆಯ ಆರ್‌ಓ ಯಂತ್ರವೇ ಇದಕ್ಕೆ ಸಾಕು, ಆದರೆ ಒಂದು ಎಚ್ಚರಿಕೆ ಬೇಕು. ನಮ್ಮಲ್ಲಿ ಮಾರಾಟವಾಗುವ ಬಹಳಷ್ಟು ಆರ್‌ಓಗಳಲ್ಲಿ ರುಚಿಗಾಗಿ ಕೊಂಚ ಹಸಿ ನೀರನ್ನು ಮರಳಿ ಬೆರೆಸುವ ಟಿಡಿಎಸ್ (ಕರಗಿದ ಲವಣಗಳ ಒಟ್ಟು ಪ್ರಮಾಣ) ತಿರುಪು ಇರುತ್ತದೆ, ಇಲ್ಲವೇ ಖನಿಜ ಸೇರಿಸುವ ಕಾರ್ಟ್ರಿಜ್ ಇರುತ್ತದೆ. ತಿರುಪನ್ನು ಪೂರ್ತಿ ಮುಚ್ಚಿ, ಖನಿಜದ ಕಾರ್ಟ್ರಿಜ್‌ಗೆ ಮೊದಲೇ ನೀರು ಹಿಡಿಯಬೇಕು. ಪೆನ್ನಿನಾಕಾರದ ಟಿಡಿಎಸ್ ಮೀಟರಿನಲ್ಲಿ ಅಂಕಿ 20ರ ಕೆಳಗೆ ಬಂದರೆ ಮೃದು ಹವಳಗಳ ತೊಟ್ಟಿಗೆ ನಡೆಯುತ್ತದೆ. ಮುಂದೆ ಉಳಿದ ಲವಣಗಳನ್ನೂ ಹೀರುವ ಒಂದು ಡಿಐ ರೆಸಿನ್ ಕೊಳವೆ ಜೋಡಿಸಿದರೆ ಅಂಕಿ ಸೊನ್ನೆಗೆ ಇಳಿಯುತ್ತದೆ. ಆರ್‌ಓ ಹೊರಚೆಲ್ಲುವ ನೀರನ್ನು ನೆಲ ಒರೆಸಲು ಹಿಡಿದಿಟ್ಟುಕೊಂಡರೆ ನೀರಿನ ಬಿಲ್ಲು ನೋಡುವವರಿಗೂ ಸಮಾಧಾನ.

ಅಡುಗೆ ಉಪ್ಪಿನಿಂದ ಕಡಲ ನೀರು ಆಗುವುದಿಲ್ಲ. ಕಡಲ ನೀರಿನ ಲವಣಗಳಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಶೇ. 86ರಷ್ಟಾದರೆ, ಉಳಿದದ್ದು ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮುಂತಾದವು. ಹವಳದ ಬದುಕು ನಿಂತಿರುವುದು ಈ ಉಳಿದ ಭಾಗದ ಮೇಲೆ. ಅಕ್ವೇರಿಯಂ ಅಂಗಡಿಗಳಲ್ಲಿ ಮಾರುವ ಸಿದ್ಧ ಸಮುದ್ರ ಉಪ್ಪನ್ನೇ ಕೊಳ್ಳಬೇಕು. ಲೀಟರಿಗೆ 35 ಗ್ರಾಂ ಲವಣ ಬರಬೇಕೆಂದರೆ, ಉಪ್ಪಿನಲ್ಲಿರುವ ತೇವವನ್ನೂ ಲೆಕ್ಕ ಹಿಡಿದು, ಮೊದಲ ಸಲ ತುಂಬಲು ಎರಡು ಕಿಲೋಗೆ ತುಸು ಹೆಚ್ಚು ಬೇಕಾಗುತ್ತದೆ. ಆಮೇಲೆ ವಾರಕ್ಕೆ ಹತ್ತನೇ ಒಂದು ಪಾಲು ನೀರು ಬದಲಿಸಿದರೂ ವರ್ಷಕ್ಕೆ ಹತ್ತು ಹನ್ನೊಂದು ಕಿಲೋ ಸಾಕು. ಉಪ್ಪನ್ನು ನೀರಿಗೆ ಹಾಕಬೇಕು. ಉಪ್ಪಿನ ರಾಶಿಯ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಗಂಟುಗಟ್ಟಿ ತಳಕ್ಕೆ ಕೂರುತ್ತದೆ. ಬಕೆಟ್ಟಿನಲ್ಲಿ ಪುಟ್ಟ ಪಂಪು ಹಾಕಿ ಒಂದು ಇಡೀ ದಿನ ತಿರುಗಲು ಬಿಟ್ಟ ನೀರು ತಿಳಿಯಾಗಿ, ಬಳಸಲು ತಯಾರಾಗುತ್ತದೆ. ಹದ ನೋಡಲು ರಿಫ್ರಾಕ್ಟೋಮೀಟರ್ ಬೇಕು. ಕಣ್ಣಿಗೆ ಹಿಡಿದು ನೋಡುವ ಈ ಕೊಳವೆಯ ಗಾಜಿನ ಮೇಲೆ ಎರಡು ಹನಿ ಬಿಟ್ಟರೆ ನೀಲಿ ಬಿಳಿ ಗೆರೆ 1.025ರ ಹತ್ತಿರ ನಿಲ್ಲಬೇಕು. ತೂಗುವ ಮುಳ್ಳಿನ ಅಗ್ಗದ ಪ್ಲಾಸ್ಟಿಕ್ ಹೈಡ್ರೋಮೀಟರ್ ಆಗಾಗ ಸುಳ್ಳು ಹೇಳುತ್ತದೆ. ಉಳಿತಾಯ ಮಾಡಲು ಬೇರೆ ಜಾಗಗಳಿವೆ, ಇಲ್ಲಿ ಬೇಡ.

ಕಾರಿನ ಡಿಕ್ಕಿಯಲ್ಲಿ ಕ್ಯಾನು ತುಂಬಿಕೊಂಡು ಕಡಲಿಂದಲೇ ನೀರು ತರುವ ಆಸೆ ಎಲ್ಲರಿಗೂ ಒಮ್ಮೆ ಬರುತ್ತದೆ. ಆದರೆ ದಡದ ನೀರಿನಲ್ಲಿ ಬಂದರಿನ ಎಣ್ಣೆ, ಚರಂಡಿಯ ಕೊಳೆ ಸೇರಿರುತ್ತವೆ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ನದಿಗಳು ಸೇರುವ ಮಂಗಳೂರಿನ ಕಡಲಂಚು ಅರ್ಧ ಸಿಹಿಯಾಗಿಬಿಡುತ್ತದೆ. ಸಾಗಣೆಯ ಪೆಟ್ರೋಲು ಲೆಕ್ಕ ಹಾಕಿದರೆ ಚೀಲದ ಉಪ್ಪೇ ಅಗ್ಗ.

ಹವಳದ ತೊಟ್ಟಿಯಲ್ಲಿ ಫಿಲ್ಟರ್ ಎಂದರೆ ಬಹುಮಟ್ಟಿಗೆ ಕಲ್ಲು. ವಿದೇಶಗಳಲ್ಲಿ ಸತ್ತ ಹವಳದ ದಿಬ್ಬಗಳಿಂದ ತೆಗೆದ, ರಂಧ್ರ ತುಂಬಿದ, ಜೀವಾಣುಗಳು ನೆಲೆಸಿದ ಬಂಡೆಯನ್ನು ಬಳಸುವುದುಂಟು. ಭಾರತದಲ್ಲಿ ಆ ದಾರಿ ಮುಚ್ಚಿದೆ. ದಿಬ್ಬ ಕಟ್ಟುವ ಎಲ್ಲ ಕಲ್ಲು ಹವಳಗಳನ್ನು, ಕಪ್ಪು ಹವಳ, ಬೆಂಕಿ ಹವಳ, ಕಡಲ ಬೀಸಣಿಗೆಗಳ ಜೊತೆಗೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಗೆ 2001ರಲ್ಲಿ ಸೇರಿಸಲಾಯಿತು. ಹುಲಿ, ಆನೆಗಳಿಗೆ ಇರುವ ರಕ್ಷಣೆಯೇ ಇವಕ್ಕೂ ಇದೆ. 2022ರ ತಿದ್ದುಪಡಿಯಲ್ಲಿ ಅನುಸೂಚಿಗಳನ್ನು ಹೊಸದಾಗಿ ಜೋಡಿಸಿದಾಗಲೂ ಹವಳಗಳು ಅಲ್ಲೇ ಉಳಿದವು. ದಡಕ್ಕೆ ಬಂದು ಬಿದ್ದ ಸತ್ತ ಹವಳದ ತುಂಡನ್ನು ಮನೆಗೆ ತರುವುದೂ ತಪ್ಪೇ. ಕರ್ನಾಟಕದ ಪಾಲಿಗೆ ಹವಳದ ನೆಲೆ ಎಂದರೆ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಕಡಲೊಳಗಿರುವ ನೇತ್ರಾಣಿ ದ್ವೀಪ. ಅಲ್ಲಿ ಮುಳುಗಿ ನೋಡಬಹುದು, ಮುಟ್ಟುವಂತಿಲ್ಲ.

ಹಾಗಾಗಿ ಕಲ್ಲನ್ನು ಮನೆಯಲ್ಲೇ ಮಾಡಿಕೊಳ್ಳುವುದು ಕಾನೂನಿಗೂ ಕಿಸೆಗೂ ಒಪ್ಪುವ ದಾರಿ. ಒಂದು ಪಾಲು ಮಾಮೂಲಿ ಸಿಮೆಂಟು, ಎರಡು ಪಾಲು ಚಿಪ್ಪಿನ ಪುಡಿ, ಎರಡು ಪಾಲು ಹರಳುಪ್ಪು ಇಷ್ಟೇ ಸಾಮಗ್ರಿ. ಚಿಪ್ಪಿನ ಪುಡಿ ಕೋಳಿ ಆಹಾರ ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಇವನ್ನು ಆದಷ್ಟು ಕಡಿಮೆ ನೀರಿನಲ್ಲಿ ರೊಟ್ಟಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಒದ್ದೆ ಮರಳಿನಲ್ಲಿ ತೋಡಿದ ಗುಳಿಗಳಿಗೆ ಬೆರಳಿನಿಂದ ಸಡಿಲವಾಗಿ ತುಂಬಬೇಕು. ಒತ್ತಿದರೆ ರಂಧ್ರಗಳು ಮುಚ್ಚಿಹೋಗುತ್ತವೆ. ಕೈಗೆ ರಬ್ಬರ್ ಗವಸು ಇರಲಿ, ಸಿಮೆಂಟು ಚರ್ಮ ಸುಡುತ್ತದೆ. ಒದ್ದೆ ಗೋಣಿ ಮುಚ್ಚಿ ಒಂದು ವಾರ ಬಿಟ್ಟು, ಆಮೇಲೆ ಡ್ರಮ್ಮಿನ ನೀರಿನಲ್ಲಿ ಮುಳುಗಿಸಿ ವಾರಕ್ಕೆರಡು ಸಲ ನೀರು ಬದಲಾಯಿಸುತ್ತಿರಬೇಕು. ಹರಳುಪ್ಪು ಕರಗಿ, ಅದಿದ್ದ ಜಾಗದಲ್ಲಿ ತೂತುಗಳು ಉಳಿಯುತ್ತವೆ. ಸಿಮೆಂಟಿನ ಕ್ಷಾರ ಇಳಿಯಲು ಆರರಿಂದ ಎಂಟು ವಾರ ಬೇಕು. ಒಂದು ದಿನ ನೆನೆದ ನೀರಿನ ಪಿಎಚ್ 8.5ರ ಕೆಳಗೆ ನಿಂತಾಗ ಕಲ್ಲು ತಯಾರಾದಂತೆ. ಎರಡಡಿಯ ತೊಟ್ಟಿಗೆ ಆರರಿಂದ ಎಂಟು ಕಿಲೋ ಸಾಕು. ಇಷ್ಟು ಕಾಯುವ ತಾಳ್ಮೆ ಇಲ್ಲದವರಿಗೆ ರಂಧ್ರಗಳಿರುವ ಸೆರಾಮಿಕ್ ಕಲ್ಲು ಅಂಗಡಿಯಲ್ಲಿದೆ, ಬೆಲೆ ಹಲವು ಪಟ್ಟು. ತಳಕ್ಕೆ ಮರಳೇ ಬೇಕೆಂದಿಲ್ಲ. ಬರಿಗಾಜಿನ ತಳ ಚೊಕ್ಕಟ ಮಾಡಲು ಸುಲಭ. ಎಂ-ಸ್ಯಾಂಡ್, ನದಿ ಮರಳು ಎರಡೂ ಬೇಡ.

ಕಲ್ಲು ಜೋಡಿಸಿ ಉಪ್ಪುನೀರು ತುಂಬಿದ ಮೇಲೆ ಬ್ಯಾಕ್ಟೀರಿಯಾಗಳ ಕಾಲ. ಮೀನಿನ ಹೊಲಸು, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಅದು ಅತಿ ಕಡಿಮೆ ಪ್ರಮಾಣದಲ್ಲೂ ಮಾರಕ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಆ ನೈಟ್ರೈಟನ್ನು ಅಷ್ಟೇನೂ ಹಾನಿಯಿಲ್ಲದ ನೈಟ್ರೇಟ್ ಮಾಡುತ್ತದೆ. ಈ ಎರಡು ಬಳಗಗಳೂ ಹಸಿವಿಲ್ಲದೆ ಬೆಳೆಯುವುದಿಲ್ಲ. ಶುರುವಿನಲ್ಲಿ ಅವಕ್ಕೆ ಅಮೋನಿಯಾವನ್ನು ಕೈಯಾರೆ ಉಣಿಸಬೇಕು. ಹಳಬರು ಒಂದು ಸೀಗಡಿ ತುಂಡನ್ನು ಕೊಳೆಯಲು ಬಿಡುತ್ತಿದ್ದರು. ಸಸ್ಯಾಹಾರದ ಮನೆಯಲ್ಲಿ ಆ ವಾಸನೆಗೆ ಮನೆಮಂದಿಯ ಒಪ್ಪಿಗೆ ಸಿಗುವುದು ಕಷ್ಟ. ಅಮೋನಿಯಂ ಕ್ಲೋರೈಡ್ ಹೆಚ್ಚು ಶುಚಿ. 55 ಲೀಟರಿಗೆ ಒಂದು ಗ್ರಾಮಿನ ಮೂರನೇ ಒಂದು ಭಾಗ ಹಾಕಿದರೆ ಲೀಟರಿಗೆ 2 ಮಿಲಿಗ್ರಾಂ ಅಮೋನಿಯಾ ಆಗುತ್ತದೆ. ಪಾತ್ರೆಗೆ ಕಲಾಯಿ ಹಾಕುವವರು ಬಳಸುವ, ಗ್ರಂದಿಗೆ ಅಂಗಡಿಯ ನವಸಾಗರವೂ ಇದೇ ರಾಸಾಯನಿಕವಾದರೂ ಅದರಲ್ಲಿ ಬೇರೆ ಲೋಹಗಳ ಕಲಬೆರಕೆ ಇರಬಹುದು. ಪ್ರಯೋಗಾಲಯದ ದರ್ಜೆಯದನ್ನೇ ಕೊಳ್ಳುವುದು ಕ್ಷೇಮ.

ಅಮೋನಿಯಾದ ಪರೀಕ್ಷೆ ಸರಳ. ಪುಟ್ಟ ಗಾಜಿನ ನಳಿಕೆಯಲ್ಲಿ ಐದು ಮಿಲಿಲೀಟರ್ ನೀರು ಹಿಡಿದು ಹನಿ ದ್ರಾವಣ ಸೇರಿಸಿ ಅಲುಗಾಡಿಸಿದರೆ, ಅಮೋನಿಯಾ ಇದ್ದಲ್ಲಿ ನೀರು ಹಸಿರಾಗುತ್ತದೆ, ಇಲ್ಲದಿದ್ದಲ್ಲಿ ನಿಂಬೆಯ ಹಳದಿಯಲ್ಲೇ ನಿಲ್ಲುತ್ತದೆ. ಮೊದಲ ವಾರ ಗಾಢ ಹಸಿರು. ಎರಡು ಮೂರನೇ ವಾರ ಹಸಿರು ತೆಳುವಾಗುತ್ತ ನೈಟ್ರೈಟ್ ಏರುತ್ತದೆ. ನಾಲ್ಕರಿಂದ ಆರನೇ ವಾರದೊಳಗೆ ಅದೂ ಇಳಿದು ನೈಟ್ರೇಟ್ ಕಾಣಿಸಿಕೊಳ್ಳುತ್ತದೆ. ಸಂಜೆ ಲೀಟರಿಗೆ 2 ಮಿಲಿಗ್ರಾಂನಂತೆ ಹಾಕಿದ ಅಮೋನಿಯಾ ಮರುದಿನ ಸಂಜೆಯ ಹೊತ್ತಿಗೆ ಅಮೋನಿಯಾ, ನೈಟ್ರೈಟ್ ಎರಡರ ಪರೀಕ್ಷೆಯಲ್ಲೂ ಸೊನ್ನೆ ತೋರಿಸಿದರೆ ತೊಟ್ಟಿ ಸಿದ್ಧ. ಈ ನಡುವೆ ಗಾಜು, ಕಲ್ಲಿನ ಮೇಲೆಲ್ಲ ಕಂದು ಧೂಳಿನಂಥ ಪದರ ಹರಡುತ್ತದೆ. ಅದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಕೆಲವು ವಾರಗಳಲ್ಲಿ ತಾನಾಗಿ ಹೋಗುತ್ತದೆ. ಅದನ್ನು ನೋಡಿ ಗಾಬರಿಯಾಗಿ ಔಷಧ ಸುರಿಯುವುದೇ ಹೊಸಬರ ದೊಡ್ಡ ಖರ್ಚು.

ನೀರಿನ ಓಟಕ್ಕೆ ಗಂಟೆಗೆ ಸಾವಿರ ಲೀಟರ್ ತಳ್ಳುವ ಒಂದು ವೇವ್‌ಮೇಕರ್, ಗಾಜಿನ ಬೆನ್ನಿಗೆ ನೇತುಹಾಕುವ ಒಂದು ಸಣ್ಣ ಫಿಲ್ಟರ್ ಇದ್ದರೆ ಸಾಕು. ಬೆಳಕಿನ ಬಗ್ಗೆ ಹೆಚ್ಚು ಹೇಳಬೇಕು. ದಿಬ್ಬ ಕಟ್ಟುವ ಹವಳವೂ ಮೃದು ಹವಳವೂ ಬಾಯಿಯ ಸುತ್ತ ಗ್ರಹಣಾಂಗಗಳಿರುವ ಸಣ್ಣ ಪ್ರಾಣಿಗಳ, ಅಂದರೆ ಪಾಲಿಪ್‌ಗಳ, ಗುಂಪು. ಬಿಸಿಲು ತಲುಪುವ ನೀರಿನಲ್ಲಿ ಬದುಕುವ ಹವಳಗಳ ಮೈಯ ಜೀವಕೋಶಗಳೊಳಗೆ ಸೂಕ್ಷ್ಮ ಪಾಚಿಗಳು ನೆಲೆಸಿರುತ್ತವೆ. ಪಾಚಿ ಬೆಳಕಿನಿಂದ ಸಕ್ಕರೆ ತಯಾರಿಸಿ ಹವಳಕ್ಕೆ ಕೊಡುತ್ತದೆ, ಹವಳ ತನ್ನ ತ್ಯಾಜ್ಯವನ್ನು ಪಾಚಿಗೆ ಗೊಬ್ಬರವಾಗಿ ಕೊಡುತ್ತದೆ. ಹವಳಕ್ಕೆ ಬೇಕಾದ ಶಕ್ತಿಯ ಬಹುಪಾಲು ಹೀಗೇ ಬರುತ್ತದೆ. ಗಾಂಧಿ ಬಜಾರಿನ ಒಡವೆ ಅಂಗಡಿಯಲ್ಲಿ ಕರಿಮಣಿಯ ಜೊತೆ ಪೋಣಿಸುವ ಕೆಂಪು ಹವಳ ಈ ಬಗೆಯದಲ್ಲ. ಅದು ಮೆಡಿಟರೇನಿಯನ್ ಕಡಲಿನಂಥ ತಂಪು, ಮಬ್ಬು ನೀರಿನ ಪ್ರಾಣಿ. ಅದರ ಮೈಯಲ್ಲಿ ಪಾಚಿಯಿಲ್ಲ, ಮನೆಯ ತೊಟ್ಟಿಯಲ್ಲಿ ಅದು ಬದುಕುವುದಿಲ್ಲ. ಇನ್ನು ಬೆಳಕಿನ ಬಣ್ಣದ ವಿಷಯ: ಕಡಲಿನ ಆಳಕ್ಕೆ ಕೆಂಪು ಬೆಳಕು ಇಳಿಯುವುದಿಲ್ಲ, ನೀಲಿ ಇಳಿಯುತ್ತದೆ. ಹವಳದ ಪಾಚಿಗೆ ಒಗ್ಗಿದ್ದೂ 450 ನ್ಯಾನೋಮೀಟರಿನ ಸುತ್ತಲ ನೀಲಿಯೇ. ಎರಡಡಿಯ ತೊಟ್ಟಿಗೆ ನೀಲಿ, ಬಿಳಿ ಬೆರೆತ 30 ವ್ಯಾಟಿನ ಎಲ್‌ಇಡಿ ದಿನಕ್ಕೆ ಎಂಟು ಗಂಟೆ ಉರಿದರೆ ಮೃದು ಹವಳಗಳಿಗೆ ಧಾರಾಳ. ಬೆಸುಗೆ ಹಾಕಲು ಬರುವವರು ಎಸ್.ಪಿ. ರಸ್ತೆಯಿಂದ ಮೂರು ವ್ಯಾಟಿನ ಎಲ್‌ಇಡಿ, ಡ್ರೈವರ್, ಅಲ್ಯುಮಿನಿಯಂ ಪಟ್ಟಿ ತಂದು ತಾವೇ ಜೋಡಿಸಿಕೊಂಡು ಅರ್ಧಕ್ಕರ್ಧ ಉಳಿಸಬಹುದು. ಉಪ್ಪುನೀರಿನ ಪಕ್ಕ ಇರುವ ಕರೆಂಟಾದ್ದರಿಂದ ಅರ್ತಿಂಗ್ ಸರಿಯಿರಬೇಕು. ಪ್ರತಿ ವೈರೂ ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತು ಬಿದ್ದು ಮೇಲೇರಬೇಕು, ಜಾರಿದ ಹನಿ ಅಲ್ಲೇ ತೊಟ್ಟಿಕ್ಕಲಿ.

ದೀಪ, ವೇವ್‌ಮೇಕರ್, ಫಿಲ್ಟರ್ ಮೂರೂ ಸೇರಿ ದಿನಕ್ಕೆ ಅರ್ಧ ಯೂನಿಟ್, ತಿಂಗಳಿಗೆ ಹದಿನೈದು. ಚಳಿಗಾಲದ ಹೀಟರ್ ಒಂದೆರಡು ತಿಂಗಳು ಇದನ್ನು ಇಮ್ಮಡಿ ಮಾಡುತ್ತದೆ. ಕರೆಂಟು ಹೋದಾಗ ದೀಪ ಆರಿದರೆ ನಷ್ಟವಿಲ್ಲ. ನೀರು ನಿಂತರೆ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ಮುಗಿಯುತ್ತದೆ. ಮನೆಯ ಯುಪಿಎಸ್ ಸಾಲಿಗೆ ವೇವ್‌ಮೇಕರ್ ಒಂದನ್ನು ಕೊಟ್ಟರೆ ಸಾಕು, ಐದು ವ್ಯಾಟಿನ ಅದು ಇಡೀ ರಾತ್ರಿ ನಡೆಯುತ್ತದೆ.

ಯಾವ ಹವಳ ಎಂಬ ಪ್ರಶ್ನೆಗೆ ಕಾನೂನೇ ಅರ್ಧ ಉತ್ತರ ಕೊಟ್ಟಿದೆ. ಕಲ್ಲು ಹವಳಗಳು ಅನುಸೂಚಿಯಲ್ಲಿವೆ. ಅವಕ್ಕೆ ಬೆಳಕು, ಕ್ಯಾಲ್ಸಿಯಂ, ನಿಗಾ ಎಲ್ಲವೂ ಹೆಚ್ಚು ಬೇಕಾದ್ದರಿಂದ ಕಡಿಮೆ ಖರ್ಚಿನ ತೊಟ್ಟಿಗೆ ಹೇಗೂ ಹೊಂದುವುದಿಲ್ಲ. ಅಂಗಡಿಯಲ್ಲಿ ಯಾರಾದರೂ ಕದ್ದುಮುಚ್ಚಿ ತೋರಿಸಿದರೆ ಮುಟ್ಟದಿರುವುದೇ ಸರಿ. ಉಳಿಯುವುದು ಅಸ್ಥಿಪಂಜರ ಕಟ್ಟದ ಬಳಗ: ಗುಂಡಿಗಳಂತೆ ಗುಂಪಾಗಿ ಬೆಳೆಯುವ ಜೋಆಂಥಿಡ್, ಚಪ್ಪಟೆ ತಟ್ಟೆಯ ಮಶ್ರೂಮ್ ಹವಳ, ತೊಗಲಿನಂಥ ಮೈಯ ಲೆದರ್ ಹವಳ, ಸದಾ ಮುಷ್ಟಿ ಬಿಚ್ಚಿ ಮುಚ್ಚುತ್ತಿರುವ ಜೀನಿಯಾ. ಪಟ್ಟಿಗಳು ಬದಲಾಗುತ್ತಿರುತ್ತವೆ; ಕೊಳ್ಳುವಾಗ ಬಿಲ್ಲು ಪಡೆಯಬೇಕು, ಅನುಮಾನ ಬಂದರೆ ಮಲ್ಲೇಶ್ವರದ ಹದಿನೆಂಟನೇ ಕ್ರಾಸಿನ ಅರಣ್ಯ ಭವನದಲ್ಲಿ ವಿಚಾರಿಸಬೇಕು. ಸಮುದ್ರ ಕುದುರೆ, ಸಮುದ್ರ ಸೌತೆಗಳೂ ಇದೇ ಕಾಯ್ದೆಯಡಿ ನಿಷಿದ್ಧ.

ಜೋಆಂಥಿಡ್‌ಗಳ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಇವುಗಳಲ್ಲಿ ಕೆಲವು ಬಗೆಗಳ ಮೈಯಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಹವಾಯಿಯ ಒಂದು ಜಾತಿಯಿಂದ ಅದನ್ನು 1971ರಲ್ಲಿ ಮೊದಲು ಬೇರ್ಪಡಿಸಲಾಯಿತು. ಅವನ್ನು ಬರಿಗೈಯಲ್ಲಿ ಕತ್ತರಿಸಬಾರದು, ಕಣ್ಣಿಗೆ ಕನ್ನಡಕ ಇರಬೇಕು, ಅವು ಅಂಟಿದ ಕಲ್ಲನ್ನು ಎಂದಿಗೂ ಬಿಸಿನೀರು ಹಾಕಿ ಉಜ್ಜಬಾರದು. ಆ ಹಬೆಯನ್ನು ಉಸಿರಾಡಿ ಇಡೀ ಕುಟುಂಬಗಳೇ ಆಸ್ಪತ್ರೆ ಸೇರಿದ ಪ್ರಸಂಗಗಳು ವಿದೇಶಗಳಲ್ಲಿ ನಡೆದಿವೆ. ಚಿಕ್ಕ ಮಕ್ಕಳಿರುವ ಮನೆಯವರು ಮಶ್ರೂಮ್, ಲೆದರ್ ಹವಳಗಳಿಂದ ಶುರು ಮಾಡುವುದು ಒಳ್ಳೆಯದು.

ಲೆದರ್ ಹವಳ ಹೊಸಬರನ್ನು ಹೆದರಿಸುವ ಬಗೆಯೊಂದಿದೆ. ಅಣಬೆಯ ಕೊಡೆಯಂಥ ಅದರ ತಲೆಯ ತುಂಬ ನಸುಹಳದಿ ಪಾಲಿಪ್‌ಗಳು ಕೂದಲಿನ ಹಾಗೆ ಎದ್ದು ಆಡುತ್ತಿರುತ್ತವೆ. ಒಂದು ಬೆಳಗ್ಗೆ ಅವೆಲ್ಲ ಒಳಗೆ ಸೇರಿಕೊಂಡು, ಮೈ ಬೋಳಾಗಿ, ಮೇಣ ಸವರಿದಂತೆ ಹೊಳೆಯತೊಡಗುತ್ತದೆ. ನಾಲ್ಕೈದು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಹಾಗೇ ಇರುತ್ತದೆ. ಆಮೇಲೆ ಆ ಮೇಣದ ಪೊರೆ ಅಂಚಿನಿಂದ ಸುಲಿಯುತ್ತ ಬಂದು, ಅದಕ್ಕೆ ಅಂಟಿದ ಪಾಚಿ, ಕಸ ಎಲ್ಲ ಸೇರಿ ನೀರಿನಲ್ಲಿ ತೇಲಿಹೋಗುತ್ತದೆ; ಕೆಳಗೆ ಹೊಸ ಮೈ, ಹೊಸದಾಗಿ ಅರಳಿದ ಪಾಲಿಪ್‌ಗಳು. ವೇವ್‌ಮೇಕರಿನ ಮುಖವನ್ನು ತುಸು ಅದರ ಕಡೆ ತಿರುಗಿಸಿದರೆ ಪೊರೆ ಬೇಗ ಕಳಚುತ್ತದೆ. ಸತ್ತಿತೆಂದು ಎತ್ತಿ ಎಸೆಯುವ ಮುನ್ನ ಎರಡು ವಾರ ಕಾಯಬೇಕು.

ಮೀನು ಬೇಕೆಂದರೆ ಎರಡು ಕ್ಲೌನ್ ಮೀನು, ಅದಕ್ಕಿಂತ ಹೆಚ್ಚು ಬೇಡ. ಕಡಲಿಂದ ಹಿಡಿದು ತಂದವಕ್ಕಿಂತ ಮರಿ ಮಾಡಿಸಿ ಬೆಳೆಸಿದವು ಗಟ್ಟಿ, ಒಣ ಆಹಾರಕ್ಕೂ ಬೇಗ ಒಗ್ಗುತ್ತವೆ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ, ಪರಂಗಿಪೇಟೆಯಲ್ಲಿರುವ ಅಣ್ಣಾಮಲೈ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ಕೇಂದ್ರಗಳು ಇವನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ಭಾರತದಲ್ಲಿ ರೂಢಿಗೆ ತಂದಿವೆ. ಕ್ಲೌನ್ ಮರಿಗಳೆಲ್ಲ ಮೊದಲಿಗೆ ಗಂಡಿನ ಸ್ವಭಾವದವು. ಎರಡು ಮರಿಗಳನ್ನು ಒಟ್ಟಿಗೆ ಬಿಟ್ಟರೆ ಬಲವಾದದ್ದು ಹೆಣ್ಣಾಗಿ ಜೋಡಿ ತಾನೇ ಕೂಡುತ್ತದೆ. ಕಡಲಿನಲ್ಲಿ ಅವಕ್ಕೆ ಆಸರೆಯಾಗುವ ಅನಿಮೋನ್ ಇಲ್ಲದೆಯೂ ಅವು ಹಾಯಾಗಿರುತ್ತವೆ. ಜೊತೆಗೆ ಪಾಚಿ ತಿನ್ನುವ ನಾಲ್ಕೈದು ಬಸವನಹುಳು, ಒಂದೆರಡು ಸನ್ಯಾಸಿ ಏಡಿ. ಮೀನಿಗೆ ಬಿಳಿ ಚುಕ್ಕೆ ರೋಗ ಬಂದರೆ ಅದನ್ನು ಬೇರೆ ಬಕೆಟ್ಟಿಗೆ ಎತ್ತಿಯೇ ಔಷಧ ಕೊಡಬೇಕು. ತಾಮ್ರ ಬೆರೆತ ಆ ಔಷಧ ತೊಟ್ಟಿಗೆ ಬಿದ್ದರೆ ಮೀನು ಉಳಿದು ಹವಳವೆಲ್ಲ ಹೋದೀತು.

ನಿತ್ಯದ ಕೆಲಸ ಐದು ನಿಮಿಷದ್ದು. ಆವಿಯಾದಷ್ಟು ನೀರನ್ನು, ದಿನಕ್ಕೆ ಅರ್ಧದಿಂದ ಒಂದು ಲೀಟರ್, ಆರ್‌ಓ ನೀರಿನಿಂದಲೇ ತುಂಬಬೇಕು. ಉಪ್ಪು ಆವಿಯಾಗುವುದಿಲ್ಲವಾದ್ದರಿಂದ ಇಲ್ಲಿ ಉಪ್ಪುನೀರು ಹಾಕಿದರೆ ತೊಟ್ಟಿ ದಿನದಿನಕ್ಕೆ ಕಡುವಾಗುತ್ತ ಹೋಗುತ್ತದೆ. ವಾರಕ್ಕೊಮ್ಮೆ ಐದೂವರೆ ಲೀಟರ್ ತೆಗೆದು ಅಷ್ಟೇ ಹೊಸ ಉಪ್ಪುನೀರು ಹಾಕಬೇಕು. ತೆಗೆದದ್ದನ್ನು ಗಿಡಗಳಿಗೆ ಹಾಕಬಾರದು, ಬಚ್ಚಲಿಗೇ ಚೆಲ್ಲಬೇಕು. ಮೃದು ಹವಳಗಳಿಗೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಈ ಬದಲಾವಣೆಯಲ್ಲೇ ಬಂದುಬಿಡುತ್ತದೆ. ಕ್ಷಾರತೆ ಇಳಿದರೆ ಅಡುಗೆ ಸೋಡ ಸಾಕು. 55 ಲೀಟರಿನಲ್ಲಿ ಕ್ಷಾರತೆಯನ್ನು ಒಂದು ಡಿಗ್ರಿ (dKH) ಏರಿಸಲು ಒಂದೂವರೆ ಗ್ರಾಮಿಗಿಂತ ತುಸು ಹೆಚ್ಚು ಸೋಡವನ್ನು ನೀರಿನಲ್ಲಿ ಕರಗಿಸಿ ನಿಧಾನವಾಗಿ ಸುರಿಯಬೇಕು. ಸೊಳ್ಳೆಗೆ ಹೊಡೆಯುವ ಸ್ಪ್ರೇ ಆ ಕೋಣೆಯಲ್ಲಿ ನಿಷಿದ್ಧ. ಊರಿಗೆ ಹೋಗುವಾಗ ನೆರೆಯವರಿಗೆ ಮೀನಿನ ಆಹಾರದ ಡಬ್ಬಿ ಒಪ್ಪಿಸುವ ಬದಲು ಒಂದೊಂದು ದಿನದ ಚಿಟಿಕೆಯನ್ನು ಕಾಗದದ ಪೊಟ್ಟಣ ಕಟ್ಟಿ ಕೊಡುವುದು ಜಾಣತನ. ನಾಲ್ಕು ದಿನ ಉಪವಾಸವಿದ್ದರೆ ಕ್ಲೌನ್ ಮೀನಿಗೆ ಏನೂ ಆಗುವುದಿಲ್ಲ, ಒಂದು ಹಿಡಿ ಆಹಾರ ಬಿದ್ದರೆ ತೊಟ್ಟಿಯೇ ಕೆಡುತ್ತದೆ.

ಖರ್ಚಿನ ಅಂಕಿ ಇಲ್ಲಿ ಹೇಳಿದರೆ ಮಾತು ಮುಗಿಯುವಷ್ಟರಲ್ಲಿ ಹಳತಾದೀತು. ಕ್ರಮ ಮಾತ್ರ ಬದಲಾಗದು. ಹೆಚ್ಚು ದುಡ್ಡು ದೀಪಕ್ಕೆ, ಆಮೇಲೆ ಉಪ್ಪು ಮತ್ತು ರಿಫ್ರಾಕ್ಟೋಮೀಟರಿಗೆ, ಆಮೇಲೆ ವೇವ್‌ಮೇಕರ್, ಪರೀಕ್ಷಾ ಕಿಟ್ಟುಗಳಿಗೆ. ಗಾಜು ಮತ್ತು ಕಲ್ಲು ಕೊನೆಗೆ. ಹವಳಕ್ಕೆ ಎಲ್ಲಕ್ಕಿಂತ ಕಡಿಮೆ ಖರ್ಚಾಗಬೇಕು, ಏಕೆಂದರೆ ಅದು ತಾನೇ ಹೆಚ್ಚುತ್ತದೆ. ಮಶ್ರೂಮ್ ಹವಳದ ತಟ್ಟೆಯನ್ನು ಹರಿತವಾದ ಬ್ಲೇಡಿನಿಂದ ಬಾಯಿಯ ನಡುವೆ ಎರಡು ಹೋಳು ಮಾಡಿ, ಬಲೆ ಹೊದಿಸಿದ ಬಟ್ಟಲಿನಲ್ಲಿ ಚಿಪ್ಪಿನ ಚೂರುಗಳ ಮೇಲೆ ಬಿಟ್ಟರೆ ವಾರ ಎರಡು ವಾರದಲ್ಲಿ ಎರಡೂ ಅಂಟಿಕೊಂಡು, ಮುಂದೆ ಪೂರ್ತಿ ತಟ್ಟೆಗಳಾಗುತ್ತವೆ. ಹವ್ಯಾಸಿಗಳು ಇಂಥ ತುಂಡುಗಳನ್ನು ತಮ್ಮೊಳಗೆ ಅದಲುಬದಲು ಮಾಡಿಕೊಳ್ಳುವುದರಿಂದ ಕಡಲಿಂದ ಕಿತ್ತ ಹವಳವನ್ನು ಕೊಳ್ಳುವ ಅಗತ್ಯವೇ ಬೀಳುವುದಿಲ್ಲ.

ತೊಟ್ಟಿ ಮುಚ್ಚುವ ಸಂದರ್ಭ ಬಂದರೆ ಅದರ ಜೀವಿಗಳನ್ನು ಇನ್ನೊಬ್ಬ ಹವ್ಯಾಸಿಗೆ ಕೊಡಬೇಕು. ಕರಾವಳಿಗೆ ಹೋದಾಗ ಕಡಲಿಗೆ ಬಿಡುವ ಯೋಚನೆ ಪುಣ್ಯದ್ದೆನಿಸಿದರೂ ಹಾನಿಯದ್ದು. ಅಕ್ವೇರಿಯಂಗಳಲ್ಲಿ ಅಲಂಕಾರಕ್ಕೆ ಬೆಳೆಸುತ್ತಿದ್ದ ಕಾಲರ್ಪಾ ಎಂಬ ಹಸಿರು ಕಡಲಪಾಚಿ 1984ರಲ್ಲಿ ಮೊನಾಕೊದ ಕಡಲಿನಲ್ಲಿ ಸಣ್ಣ ತೇಪೆಯಾಗಿ ಕಾಣಿಸಿಕೊಂಡು, ಮುಂದೆ ಮೆಡಿಟರೇನಿಯನ್ ದಡದುದ್ದಕ್ಕೂ ಹಬ್ಬಿ ಅಲ್ಲಿಯ ಕಡಲಹುಲ್ಲನ್ನು ಮುಚ್ಚಿಹಾಕಿತು. ಖಾಲಿಯಾದ ತೊಟ್ಟಿಯ ಕಲ್ಲುಗಳನ್ನು ಸಿಹಿನೀರಿನಲ್ಲಿ ನೆನೆಹಾಕಿ ಬಿಸಿಲಿನಲ್ಲಿ ಒಣಗಿಸಿ ಚೀಲದಲ್ಲಿ ಕಟ್ಟಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ವೇವ್‌ಮೇಕರ್ ಮತ್ತು ಹೀಟರನ್ನು ವಿನೆಗರ್ ಬೆರೆಸಿದ ನೀರಿನಲ್ಲಿ ಒಂದು ಗಂಟೆ ಇಟ್ಟು ತೊಳೆದರೆ ಅವಕ್ಕೆ ಅಂಟಿದ ಸುಣ್ಣ ಬಿಡುತ್ತದೆ.